ಶಿವಲಿಂಗವ್ವನ ಪಿಂಗಾಣಿ ಎತ್ತು

ಶಿವಲಿಂಗವ್ವ ಚೀನಾದ ಎತ್ತಿಗೆ ಪೂಜೆ ಮಾಡುತ್ತಾಳೆಂದು ಸತ್ಯಬೋಧರಾಯರು ಇಳಕಲ್ಲಿನ ಅರ್ಧ ಊರಿಗೆ ಹೇಳಿಬಿಟ್ಟಿದ್ದರು. ಕಂಡದ್ದು ಇಷ್ಟೇ: ಆಕೆಯ ಮನೆಯ ಪೂಜೆಯ ಜಗಲಿಯ ಮೇಲೆ, ದೇವರ ಪಕ್ಕ, ಅಂಗೈಯಷ್ಟು ಕೆಂಪು ಪಿಂಗಾಣಿಯ ಎತ್ತು. ಉಳಿದದ್ದನ್ನು ಅವರ ವಿದ್ವತ್ತು ಪೂರೈಸಿತ್ತು.

ರಾಯರು ಗ್ರಾನೈಟ್ ಕ್ವಾರಿಯೊಂದರ ಮ್ಯಾನೇಜರಾಗಿದ್ದವರು. ಅಲ್ಲಿಯ ಕಲ್ಲು ಕೊಳ್ಳುತ್ತಿದ್ದ ಚೀನಾದ ಸಾಹುಕಾರ ತನ್ನ ನಾಡಿನ ಹೊಸ ವರ್ಷ ಬಂತೆಂದರೆ ಆ ವರ್ಷದ ಪ್ರಾಣಿಯ ಗೊಂಬೆಯನ್ನು ಕೆಲಸದವರಿಗೆಲ್ಲ ಕಳಿಸುತ್ತಿದ್ದ. ಒಮ್ಮೆ ಇಲಿ, ಮರುವರ್ಷ ಎತ್ತು, ಅದರ ಮರುವರ್ಷ ಹುಲಿ, ಹೀಗೆ ಹನ್ನೆರಡು ವರ್ಷಕ್ಕೊಂದು ಸುತ್ತು. ಕೂಲಿಯವರು ಮಕ್ಕಳ ಕೈಗೆ ಕೊಟ್ಟು ಮರೆತರು. ರಾಯರು ಗಾಜಿನ ಕಪಾಟು ಮಾಡಿಸಿದರು. ಬಂದವರಿಗೆ ಮೊದಲು ಕಪಾಟಿನ ದರ್ಶನ, ಆಮೇಲೆ ಚಹಾ. ಆದರೆ ಧೂಳು ಒರೆಸುವಾಗ ಸೊಸೆಯ ಕೈಜಾರಿ ಎತ್ತು ಒಡೆದಿತ್ತು. ಸೊಸೆಯೊಡನೆ ಮಾತು ನಿಂತಿತ್ತು.

ಅದಕ್ಕೇ ರಾಯರು ಶಿವಲಿಂಗವ್ವನ ಹೊಸ್ತಿಲಿಗೆ ಬಂದದ್ದು.

ಆಕೆಯ ಗಂಡ ಹೊಳಬಸಪ್ಪ ಅದೇ ಕ್ವಾರಿಯಲ್ಲಿ, ೨೦೨೧ರ ಮಳೆಗಾಲದಲ್ಲಿ, ಬಂಡೆಯಡಿ ಸಿಕ್ಕು ಸತ್ತಿದ್ದ. ಅಂದಿನಿಂದ ಆಕೆ ಪವರ್‌ಲೂಮಿನವರಿಗೆ ನೂಲಿನ ಕಂಡಿಕೆ ಸುತ್ತಬೇಕು, ಪರಿಹಾರಕ್ಕೆಂದು ಹುನಗುಂದದ ಕೋರ್ಟಿಗೆ ಅಲೆಯಬೇಕು. ಆ ಹೆಸರಿನವ ನಮ್ಮಲ್ಲಿ ದುಡಿದೇ ಇಲ್ಲ ಎಂದು ಮಾಲಕರು ಕೈತೊಳೆದುಕೊಂಡಿದ್ದರು. ಮಾಲಕರ ಪರವಾಗಿ ಕಟಕಟೆಯಲ್ಲಿ ಹಾಗೆ ಹೇಳಿದವರು ಸತ್ಯಬೋಧರಾಯರೇ. ಅದು ಆಫೀಸಿನ ಕೆಲಸವೆಂದುಕೊಂಡು ಅವತ್ತು ಸಂಜೆ ಎಂದಿನಂತೆ ಮಠಕ್ಕೂ ಹೋಗಿದ್ದರು.

"ದೇವರನ್ನ ಕೇಳಬಾರದವಾ, ಖರೆ. ಆದ್ರ ಆ ಎತ್ತು..."

"ದೇವರಲ್ರಿ ಅದು. ಮಕ್ಕಳ ಕೈಗಿ ಹತ್ತಬಾರದಂತ ಮ್ಯಾಲೆ ಇಟ್ಟೀನಿ."

ಎದ್ದು ಎತ್ತನ್ನು ಇಳಿಸಿದಳು. ಅವರ ಕೈಗೆ ಕೊಡಲಿಲ್ಲ. ದೂರದಿಂದಲೇ ಬುಡಮೇಲು ಮಾಡಿ ಹಿಡಿದಳು. ಹೊಟ್ಟೆಯ ಕೆಳಗೆ ಕಪ್ಪು ಮಸಿಯಲ್ಲಿ: ಹೊಳಬಸಪ್ಪ, ಡ್ರಿಲ್ಲಿಂಗ್, ೨೦೨೧. ಹಂಚುವಾಗ ತಕರಾರು ಬರಬಾರದೆಂದು ಗೊಂಬೆಗೊಂದು ಹೆಸರು ಬರೆಯುತ್ತಿದ್ದವರು ರಾಯರು. ತಮ್ಮ ದುಂಡನೆಯ ಅಕ್ಷರದ ಮೇಲೆ ಅವರಿಗೆ ಬಲು ಅಭಿಮಾನ.

"ಗುರುವಾರ ಇದನ್ನ ತರ್ರಿ ಅಂದಾರ ವಕೀಲರು. ನಮ್ಮ ಕಡಿ ಇದೊಂದ ಐತಿ."

ರಾಯರು ಆ ಅಕ್ಷರವನ್ನು ಇನ್ನೊಮ್ಮೆ ಓದಿದರು. ಆದರೂ ಹವ್ಯಾಸ ಅಂಬೋದು ಕೆಟ್ಟದ್ದು, ಅಂಜಿಕೆ ಅದಕ್ಕಿಂತ ಕೆಟ್ಟದ್ದು.

"ನನ್ನ ಕಡೆ ಹುಲಿ ಎರಡವ. ಬದಲಿಗೆ ಒಂದು ತಗೋ. ಬೇಕಾದ್ರ ಅದರ ಮ್ಯಾಲೂ ನಿನ್ನ ಗಂಡನ ಹೆಸರು ಬರದು ಕೊಡ್ತೇನಿ. ನಡಿಯೂದಿಲ್ಲೇನು?"

"ನಡಿಯೂದಿಲ್ರಿ ರಾಯರ. ಹುಲಿ ಬರೂದ್ರಾಗ ನನ್ನ ಗಂಡ ಸತ್ತು ಮಣ್ಣಾಗಿದ್ದ."