ಮೊದಲನೇ ನೀರು

ನೀಲಿ ದೊಡ್ಡಮ್ಮನ ಬೆರಳುಗಳು ಹುಟ್ಟುವಾಗ ಎಲ್ಲರ ಬೆರಳಿನಂತೆಯೇ ಇದ್ದವು. ಲಾಂಡ್ರಿಯಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ, ಆ ಬಣ್ಣ ಅವಳ ಉಗುರಿನ ಸಂದಿಗಳಲ್ಲಿ ಕಾಯಂ ಒಕ್ಕಲಾಗಿ ಕೂತುಬಿಟ್ಟಿತ್ತು. ಬೀದಿಯ ಗಂಡಸರು ಅಂಗಿಯ ಬಿಳುಪನ್ನೇ ನಡತೆಯ ಬಿಳುಪೆಂದು ತಿಳಿದು ಎದೆಯುಬ್ಬಿಸಿ ಓಡಾಡುತ್ತಿದ್ದುದು ಅವಳ ಕೃಪೆಯಿಂದ. ಯಾರ ಕಾಲರಿನಲ್ಲಿ ಎಷ್ಟು ಕೊಳೆ ಎಂಬುದು ಅವಳೊಬ್ಬಳಿಗೇ ಗೊತ್ತು. ಅವಳು ಬಾಯಿ ಬಿಡುವವಳಲ್ಲ. ಹಾಗಾಗಿ ನಮ್ಮೆಲ್ಲರ ಮಾನ ಉಳಿದಿತ್ತು.

ಚರ್ಚಿನ ಬಟ್ಟೆಗಳನ್ನು ಒಗೆಯುವವಳೂ ಅವಳೇ. ಕರ್ತನ ಭೋಜನದ ಭಾನುವಾರ ಸಭೆಯವರೆಲ್ಲ ಸಾಲಾಗಿ ಮೊಣಕಾಲೂರಿ, ಒಂದೇ ಪಾತ್ರೆಯಿಂದ ಒಂದೊಂದು ಗುಟುಕು ದ್ರಾಕ್ಷಾರಸ ಕುಡಿಯುವರು. ಒಬ್ಬೊಬ್ಬರು ಕುಡಿದ ಮೇಲೂ ಪಾದ್ರಿ ಅಯ್ಯನವರು ಪಾತ್ರೆಯ ಅಂಚನ್ನು ಬಿಳಿ ವಸ್ತ್ರದಿಂದ ಒರೆಸಿ, ತುಸು ತಿರುಗಿಸಿ, ಮುಂದಿನವರ ಬಾಯಿಗೆ ಹಿಡಿಯುವರು. ಆ ವಸ್ತ್ರ ಒಗೆಯುವುದಕ್ಕೆ ಒಂದು ನೇಮವಿತ್ತು. ಮೊದಲು ಸೋಪು ಮುಟ್ಟಿಸದೆ ಬರೀ ನೀರಿನಲ್ಲಿ ಅದ್ದಿ ಹಿಂಡಬೇಕು. ಆ ಮೊದಲನೇ ನೀರು ಚರಂಡಿಗೆ ಹೋಗಕೂಡದು. ಚರ್ಚಿನ ಹಿಂದಿನ ಮಣ್ಣಿಗೇ ಸುರಿಯಬೇಕು. ಯಾಕೆಂದರೆ ಅದು ಬರೀ ದ್ರಾಕ್ಷಾರಸವಲ್ಲ, ಎಲ್ಲರಿಗಾಗಿ ಸುರಿದ ಹೊಸ ಒಡಂಬಡಿಕೆಯ ರಕ್ತ. ಚರಂಡಿಗೆ ಬೇಕಾದಷ್ಟು ನಮ್ಮದೇ ಕೊಳೆ ಇದೆ.

ಅವಳ ಗಂಡ ಸಮಾಧಿಕಲ್ಲು ಕೆತ್ತುವವನು. ಊರವರ ಬಾಯಲ್ಲಿ ಉಳಿ ದೊಡ್ಡಪ್ಪ. “ಸತ್ತವರನ್ನ ಹೊಗಳೋ ಕೆಲಸ ನಂದು. ಬದುಕಿದ್ದವರನ್ನ ಹೊಗಳಿದ್ರೆ ಇಷ್ಟೊತ್ತಿಗೆ ಮಹಡಿ ಮನೆ ಕಟ್ಟಿರ್ತಿದ್ದೆ” ಎನ್ನುತ್ತಿದ್ದ. ಜೀವಮಾನವಿಡೀ ಉಸಿರಿನ ಜೊತೆ ಒಳಗೆ ಹೋದ ಕಲ್ಲಿನ ಪುಡಿ ಎದೆಯಲ್ಲಿ ಗಟ್ಟಿಯಾಗಿ, ಕೊನೆಗೆ ಕೆಮ್ಮಿದಾಗೆಲ್ಲ ಕರವಸ್ತ್ರ ಕೆಂಪಾಗತೊಡಗಿತು. ಇದು ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಡಾಕ್ಟರು ಹೇಳಿದ್ದು ಅವನೊಬ್ಬನಿಗೆ. ಕೆಮ್ಮು ಕೇಳಿಸಿದ್ದು ಇಡೀ ಸಭೆಗೆ.

ಒಂದು ಭಾನುವಾರ ಅವನು ಗುಟುಕು ಕುಡಿದು, ಪಾತ್ರೆಯ ಅಂಚಿನಲ್ಲೇ ಕೆಮ್ಮಿದ. ಪಕ್ಕದಲ್ಲಿ ಮೊಣಕಾಲೂರಿದ್ದವರು ಸಭೆಯ ಖಜಾಂಚಿಗಳು. ಅವರಿಗೆ ಇದ್ದಕ್ಕಿದ್ದಂತೆ ಮಂಡಿನೋವು ನೆನಪಾಗಿ ಎದ್ದುಹೋದರು. ಮಂಡಿನೋವು ಮಾತ್ರ ಅಂಟುವ ರೋಗವೇ ಇರಬೇಕು. ಅವರ ಹಿಂದೆ ಸಾಲಿಗೆ ಸಾಲೇ ಎದ್ದಿತು.

ಹೊರಗೆ ಬಾಗಿಲ ಬಳಿ ಉಳಿ ದೊಡ್ಡಪ್ಪ ಅವರನ್ನು ತಡೆದು ನಿಲ್ಲಿಸಿದ. “ಹೆದರಬೇಡಿ ಖಜಾಂಚಿಗಳೇ. ನನ್ನ ಎದೇಲಿರೋದು ನಿಮ್ಮಪ್ಪನ ಸಮಾಧಿಕಲ್ಲಿನ ಪುಡಿ. ನಿಮ್ಮನೇದೇ.”

ಅಂದು ನಕ್ಕವನು ಅವನೊಬ್ಬನೇ. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ. ತಿಂಗಳು ಕಳೆಯುವುದರೊಳಗೆ ಹಾಸಿಗೆ ಹಿಡಿದ.

ಕೊನೆಗೊಮ್ಮೆ ಪಾತ್ರೆ ಮುಟ್ಟದೆ ಗಂಡ ಹೋಗಿಬಿಡುತ್ತಾನಲ್ಲ ಎಂಬುದೊಂದೇ ದೊಡ್ಡಮ್ಮನನ್ನು ಒಳಗೊಳಗೇ ತಿನ್ನುತ್ತಿತ್ತು. ಅವಳ ಕಾಟ ತಡೆಯಲಾರದೆ ಅಯ್ಯನವರು ಮನೆಗೆ ಬಂದರು. ಎಳೆಯ ವಯಸ್ಸು, ಒಳ್ಳೆಯ ಮನಸ್ಸು, ಬೆನ್ನುಮೂಳೆ ಇನ್ನೂ ಬಲಿತಿರಲಿಲ್ಲ. ಚೀಲದಿಂದ ರೊಟ್ಟಿಯ ಚೂರನ್ನೂ ಹೆಬ್ಬೆರಳುದ್ದದ ಗಾಜಿನ ಲೋಟವೊಂದನ್ನೂ ತೆಗೆದಿಟ್ಟರು.

“ಇದ್ಯಾರ ಲೋಟ?” ಎಂದ ಉಳಿ ದೊಡ್ಡಪ್ಪ.

“ನಿಮಗೋಸ್ಕರಾನೇ ದೊಡ್ಡಪ್ಪ. ಹೊಸದು.”

“ಬೇರೆಯವರಿಗೂ ಇಂಥದ್ದೇನಾ?”

ಅಯ್ಯನವರು ಲೋಟದ ತಳವನ್ನು ನೋಡಿದರು. “ಅವರು ಹೆದರ್ತಾರೆ…”

“ಮೋಶೆ ಕಾಲದಲ್ಲಿ ಹೋರಿ ರಕ್ತ ತಂದು ಜನರ ಮೇಲೆ ಎರಚಿದ್ರಂತೆ. ಅಂಗಿ ಕೊಳೆಯಾಯ್ತು ಅಂತ ಒಬ್ಬನೂ ಓಡಿಹೋಗ್ಲಿಲ್ಲ. ಹಳೇ ಒಡಂಬಡಿಕೆಯೋರೇ ವಾಸಿ ಅಲ್ವಾ? ಹೊಸದ್ರಲ್ಲಿ ಒಬ್ಬನ ರಕ್ತ ಎಲ್ಲರಿಗೂ, ಒಂದೇ ಪಾತ್ರೇಲಿ ಅಂದಿರಿ. ಈಗ ನನಗೊಂದು ಬೇರೆ ಲೋಟ ತಂದ್ರೆ, ನಾನು ಬೇರೆ ಅಂದಹಾಗಾಯ್ತು. ಬೇಡ ಸ್ವಾಮಿ. ತಗೊಂಡೋಗಿ.”

ಅಯ್ಯನವರು ಹೋದ ಮೇಲೆ ದೊಡ್ಡಮ್ಮ ಸಿಡಿದಳು. “ಮನೆ ಬಾಗಿಲಿಗೆ ಬಂದದ್ದನ್ನ ಒದ್ದಿರಲ್ಲ! ಸಾಯೋಕಾಲಕ್ಕಾದ್ರೂ ಹಟ ಬಿಡಬಾರದಾ?”

“ಹಟ ಬಿಟ್ರೆ ನನ್ನ ಹತ್ರ ಇನ್ನೇನಿದೆಯೇ? ಕೆಮ್ಮು. ಅದನ್ನ ಬೇಕಾದ್ರೆ ನಿನಗೆ ಬರೆದುಕೊಡ್ತೀನಿ.”

ಮುಂದಿನ ಭೋಜನದ ಭಾನುವಾರ ಅವನ ಸ್ಥಿತಿ ಇನ್ನಷ್ಟು ಕೆಟ್ಟಿತ್ತು. ಅವನನ್ನು ಬಹಳ ಹೊತ್ತು ಬಿಟ್ಟಿರಲು ಧೈರ್ಯವಾಗದೆ, ದೊಡ್ಡಮ್ಮ ಆರಾಧನೆಯ ಕೊನೆಗೆ ಹೋಗಿ, ಒರೆಸಿದ ವಸ್ತ್ರಗಳನ್ನು ಮನೆಗೇ ತಂದಳು. ಹಾಸಿಗೆಯ ಪಕ್ಕದಲ್ಲೇ ಕೂತು ಬೋಗುಣಿಯಲ್ಲಿ ಅದ್ದಿ ಹಿಂಡಿದಳು. ನೀರು ತೆಳುಗೆಂಪಾಯಿತು. ಸಂಜೆ ಚರ್ಚಿನ ಹಿಂದೆ ಸುರಿದು ಬರೋಣವೆಂದು ಅದನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಸ್ಟೂಲಿನ ಮೇಲಿಟ್ಟಳು.

“ಅದೇನೇ ಅದು, ಶರಬತ್ತು?”

“ಬಾಯಿ ಮುಚ್ಚಿ ಮಲಗಿ. ಮೊದಲನೇ ನೀರು. ಮಣ್ಣಿಗೆ ಹಾಕ್ಬೇಕು.”

ಅವನು ಲೋಟದತ್ತ ಮುಖ ತಿರುಗಿಸಿದ. “ಎಲ್ಲರೂ ಬಂದಿದ್ರಾ ಇವತ್ತು?”

“ಬಂದಿದ್ರು.”

“ಖಜಾಂಚಿ?”

“ಅವರೂ ಕುಡಿದ್ರು. ಮಂಡಿನೋವು ವಾಸಿಯಾದಂಗಿದೆ.”

“ಅಂದ್ರೆ ಎಲ್ಲರ ಬಾಯಿ ಒರೆಸಿದ್ದೂ ಅದರಲ್ಲಿದೆ.” ಅವನು ಮೊಣಕೈಯೂರಿ ಏಳಲು ನೋಡಿದ, ಆಗಲಿಲ್ಲ. “ಮಣ್ಣಿಗೆ ತಾನೇ ಹಾಕ್ಬೇಕು? ನಾನು ಇವತ್ತೋ ನಾಳೆಯೋ ಮಣ್ಣೇ ಕಣೇ. ಅಷ್ಟು ದೂರ ಯಾಕೆ ಹೊತ್ಕೊಂಡು ಹೋಗ್ತೀಯ? ಇಲ್ಲೇ ಹಾಕು.”

ಅವಳಿಗೆ ಇದು ಅವನ ಎಂದಿನ ತಮಾಷೆ ಎನಿಸಿತು. ಮುಖ ನೋಡಿದಳು. ತಮಾಷೆಯಾಗಿರಲಿಲ್ಲ.

“ಥೂ, ಊರವರ ಎಂಜಲು ರೀ!”

“ನನ್ನ ಎಂಜಲಿಗೆ ಅವರು ಎದ್ದುಹೋದ್ರು. ಅವರದಕ್ಕೆ ನಾನು ಏಳಲ್ಲ. ಏಳೋಕೂ ಆಗಲ್ಲ ಬಿಡು.”

ಇದು ನೇಮವೋ, ನೇಮಭಂಗವೋ? ಕೇಳೋಣವೆಂದರೆ ಅಯ್ಯನವರು ಅಷ್ಟು ಹೊತ್ತಿಗೆ ಮನೆಗೆ ಹೋಗಿ ಊಟಕ್ಕೆ ಕೂತಿರುತ್ತಾರೆ. ಅವಳು ನೀಲಿ ಬೆರಳುಗಳಿಂದ ಅವನ ತಲೆಯೆತ್ತಿ, ಲೋಟವನ್ನು ಬಾಯಿಗೆ ಹಿಡಿದಳು. ಅವನು ಚೂರುಚೂರೇ ನುಂಗಿದ. ನಡುವೆ ಕೆಮ್ಮಿದ. ತಳದಲ್ಲಿ ಒಂದು ಗುಟುಕು ಉಳಿದಾಗ ತಲೆ ಅಡ್ಡಕ್ಕೆ ತಿರುಗಿಸಿದ.

“ಸಾಕು. ಮುಂದಿನವರಿಗೆ ದಾಟಿಸು.”

“ಮುಂದಿನವರು ಯಾರಿದ್ದಾರೆ ಇಲ್ಲಿ?”

ಲೋಟದ ಅಂಚಿನಲ್ಲಿ ಅವನ ಕೆಮ್ಮಿನ ಕೆಂಪು ಗೆರೆಯೊಂದು ಕೂತಿತ್ತು. ಕೊಳೆ ಕಂಡರೆ ಕೈ ತಾನಾಗಿ ಸೆರಗಿಗೆ ಹೋಗುವ ಹೆಂಗಸು ಅವಳು. ಅಂದು ಒರೆಸಲಿಲ್ಲ, ತಿರುಗಿಸಲೂ ಇಲ್ಲ. ಹಾಗೆಯೇ ಕುಡಿದಳು.

ಆ ವಾರ ದಾಟುವುದರೊಳಗೆ ಅವನು ತೀರಿಕೊಂಡ.

ಮಣ್ಣು ಮಾಡುವ ದಿನ ಸಭೆಯವರೆಲ್ಲ ಬಂದಿದ್ದರು, ಅವಳೇ ಇಸ್ತ್ರಿ ಮಾಡಿಕೊಟ್ಟಿದ್ದ ಅಂಗಿಗಳಲ್ಲಿ. ಸತ್ತವನು ಕೆಮ್ಮುವುದಿಲ್ಲವಾದ್ದರಿಂದ ಹತ್ತಿರವೇ ನಿಂತರು. ಎಲ್ಲ ಮುಗಿದ ಮೇಲೆ ಖಜಾಂಚಿಗಳು ದೊಡ್ಡಮ್ಮನ ಬಳಿ ಬಂದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು, ಅದನ್ನು ಅಲ್ಲಗಳೆಯಲಾಗದು.

“ಒಳ್ಳೇ ಮನುಷ್ಯ ದೊಡ್ಡಮ್ಮ. ಕೊನೇಗಾಲದಲ್ಲಿ ಕರ್ತನ ಪಾತ್ರೆ ಕುಡೀದೆ ಹೋದ್ರಲ್ಲ, ಅದೊಂದೇ ಕೊರಗು.”

“ಕುಡಿದೇ ಹೋದ್ರು.”

“ಹೌದಾ? ಯಾರು ಕೊಟ್ರು?”

“ನೀವೆಲ್ಲ ಸೇರಿ ಕೊಟ್ರಿ” ಎಂದಳು ದೊಡ್ಡಮ್ಮ.

ಖಜಾಂಚಿಗಳು ಅವಳ ಮುಖವನ್ನೇ ನೋಡಿದರು. ದುಃಖದಲ್ಲಿ ಮನುಷ್ಯರು ಏನೇನೋ ಆಡುತ್ತಾರೆಂದುಕೊಂಡು ಅವಳ ಹೆಗಲು ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ಅವಳಿಗೊಂದು ಸಣ್ಣ ಕೆಮ್ಮು ಬಂತು. ಅವರು ಆ ಕೈಯನ್ನು ಅರ್ಧದಲ್ಲೇ ತಿರುಗಿಸಿ ಜೇಬಿಗಿಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.