ಕೈಗೆಟುಕಿದ ಮೊಳೆಗಳು

ಮೇಸ್ತ್ರಿಯ ಹೆಬ್ಬೆಟ್ಟಿನಲ್ಲಿ ಸೀಸದ ಕಪ್ಪು ಎಷ್ಟು ಇಳಿದಿತ್ತೆಂದರೆ, ಎಷ್ಟು ತೊಳೆದು ಬಂದರೂ ಮುದ್ದೆ ಮುರಿದ ಕಡೆ ಗೆರೆ ಮೂಡುತ್ತಿತ್ತು. ನಾನು ಕೆಲಸ ಮಾಡಿದ ತಿಪಟೂರಿನ ಅಚ್ಚುಕೂಟದ ಆಳುಗಳಲ್ಲಿ ಅವರೇ ಹಿರಿಯರು.

ಮೊನ್ನೆ ಮೊಮ್ಮಗಳು ಕಂಪ್ಯೂಟರಿನಲ್ಲಿ ಅಕ್ಷರ ನನ್ನ ಕಣ್ಣಿಗೆ ತಕ್ಕಂತೆ ದಪ್ಪ ಮಾಡಿ, ಬರೆಯುವ ಕಿಟಕಿಯನ್ನು ನಾನು ಬೆರಳು ತೋರಿದ ಕಡೆಗೆಲ್ಲ ಸರಿಸಿದಳು. ಯಾರ ಅಪ್ಪಣೆಯೂ ಬೇಡವೇನೇ ಅಂದೆ. "ನಿಂಗೆ ಹೆಂಗ್ ಬೇಕೋ ಹಂಗೆ ಕಣಜ್ಜಿ," ಅಂದಳು. ಹಿಗ್ಗು ತಡೆಯಲಾರದೆ ಅವಳನ್ನು ತಬ್ಬಿಕೊಂಡುಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಗಂಡ ಹಾಸಿಗೆ ಹಿಡಿದಿದ್ದ ಕಾಲ, ಹೊನ್ನವಳ್ಳಿಯಿಂದ ಬಸ್ಸಿನಲ್ಲಿ ಬಂದು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಕಾಗದ ಹಾರುತ್ತದೆಂದು ಕಿಟಕಿ ಮುಚ್ಚಿದ ಕೋಣೆ. ಎದುರಿಗೆ ಅಕ್ಷರದ ಮೊಳೆ ತುಂಬಿದ ನೂರಾರು ಗೂಡಿನ ಕೇಸು, ಬೆನ್ನಿಗೆ ಕಾಲಲ್ಲಿ ತುಳಿಯುವ ಮಿಷನ್ನು. ಹೊರಳಲೂ ಜಾಗವಿಲ್ಲ. ಎತ್ತರದ ಆಳಾದ ಅಚ್ಚುಕೂಟದ ಯಜಮಾನರು ತಮ್ಮ ತೋಳಿನ ಅಳತೆಗೆ ಜೋಡಿಸಿದ್ದ ಕೇಸು ಅದು; ಪದೇ ಪದೇ ಬೇಕಾಗುವ ಅಕ್ಷರವೆಲ್ಲ ಮೇಲಿನ ಸಾಲಲ್ಲಿ. ನಾನೋ ಕುಳ್ಳಿ. ಒಂದೊಂದು ಅಕ್ಷರಕ್ಕೂ ತುದಿಗಾಲು. ಗೂಡು ಬದಲಿಸಬಾರದು, ತಿಂಗಳೊಳಗೆ ಕೈ ಚುರುಕಾಗದಿದ್ದರೆ ಬರಬಾರದು ಎಂದು ಕಟ್ಟಪ್ಪಣೆ. ಕೆಲಸ ಬಿಡುವಂತಿರಲಿಲ್ಲ, ಅಲ್ಲಿ ನಿಲ್ಲುವಂತೆಯೂ ಇರಲಿಲ್ಲ.

ತಿಂಗಳು ತುಂಬಲು ಇನ್ನು ನಾಲ್ಕು ದಿನವಿದೆ ಎನ್ನುವಾಗ, ಯಜಮಾನರು ಊಟಕ್ಕೆ ಹೋದ ಹೊತ್ತಲ್ಲಿ, ಮೇಸ್ತ್ರಿ ನನ್ನನ್ನು ಹಿಮ್ಮಡಿ ಊರಿ ನಿಲ್ಲಿಸಿದರು. ಕೈ ಎಟುಕಿದಷ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಬೇಕಾದ ಅಕ್ಷರವನ್ನೆಲ್ಲ ಅದರೊಳಗೆ ಇಳಿಸಿದರು. ಕೈಗೆ ಜೀವ ಬಂತು.

ಮೂರನೇ ದಿನ ಯಜಮಾನರೇ ಆ ಕೇಸಿನ ಮುಂದೆ ನಿಂತು ಕೊಬ್ಬರಿ ಮಂಡಿಯ ಕರಪತ್ರ ಜೋಡಿಸಿದರು. ಕೈ ಹಳೇ ರೂಢಿಯಲ್ಲೇ ಓಡಿತು. ಅಚ್ಚು ತೆಗೆದರೆ ಒಂದು ಪದವೂ ಪದವಾಗಿರಲಿಲ್ಲ. ಯಾರು ಮುಟ್ಟಿದ್ದು ಅಂದರು.

"ನಾನೇ ಯಜಮಾನ್ರೇ," ಅಂದರು ಮೇಸ್ತ್ರಿ. "ಗೂಡು ಮರದ್ದು, ಕೈ ಮನ್ಸಂದು. ಯಾವ್ದು ಬದ್ಲಾಗ್ಬೇಕು, ನೀವೇ ಹೇಳಿ."

ಯಜಮಾನರು ತಮ್ಮ ಕೇಸು ಮೊದಲಿನಂತಾಗಲೇಬೇಕೆಂದರು. ಹಾಗಾದರೆ ನಾನು ನಿಂತು ಜೋಡಿಸುವ ಕೇಸನ್ನು ಇವಳಿಗೆ ಬಿಡುತ್ತೇನೆ ಅಂದರು ಮೇಸ್ತ್ರಿ. ನೀನೆಲ್ಲಿ ನಿಲ್ಲುತ್ತೀಯೋ ಎಂದು ಯಜಮಾನರು ನಕ್ಕರು. ಮೇಸ್ತ್ರಿ ತುಳಿಯುವ ಮಿಷನ್ನಿನತ್ತ ಕೈ ತೋರಿದರು. ಅರವತ್ತು ದಾಟಿದವರು, ಮಂಡಿ ಊದಿದವರು. ನನ್ನತ್ತ ತಿರುಗಿ, "ಹೆಂಗ್ ಬೇಕೋ ಹಂಗ್ ಜೋಡಿಸ್ಕಳವ್ವ," ಅಂದರು.

ಕೆಲಸ ಉಳಿಯಿತು. ಆದರೆ ದಿನವಿಡೀ ಬೆನ್ನ ಹಿಂದೆ ಅವರ ತುಳಿತದ ಸದ್ದು. ಕಿವಿ ಮುಚ್ಚಲು ಕೈ ಬಿಡುವಿರಲಿಲ್ಲ.

ಅವರು ತೀರಿಕೊಂಡಾಗ ಶಿವಗಣಾರಾಧನೆಯ ಕಾರ್ಡು ನಾನೇ ಜೋಡಿಸಿದೆ. ನೀರು ತುಂಬಿದ ಕಣ್ಣಿಗೆ ಒಂದು ಗೂಡೂ ಕಾಣುತ್ತಿರಲಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ.