ನ್ಯೂಟ್ರಲ್ ಪುಟ್ಟಸ್ವಾಮಿಯ ಇಳಿಜಾರು

ಮಡಿಕೇರಿ ಸ್ಟ್ಯಾಂಡಿನ ಟ್ಯಾಕ್ಸಿಯವರಲ್ಲಿ ಪುಟ್ಟಸ್ವಾಮಿಗೆ ದೊರೆಯ ಮರ್ಯಾದೆ. ಉಳಿದವರು ಗೇರಿನಲ್ಲಿ ಇಳಿದರೆ, ಆತ ಇಳಿಜಾರು ಕಂಡಲ್ಲೆಲ್ಲ ನ್ಯೂಟ್ರಲ್‌ಗೆ ಹಾಕಿ, ಬರಿಯ ಬ್ರೇಕಿನ ಬಲದಲ್ಲಿ ಹಾವಿನಂತೆ ಜಾರುತ್ತಿದ್ದ. ಡೀಸೆಲ್ ಉಳಿಸುವ ಈ ವಿದ್ಯೆಗಾಗಿಯೇ ಅವನಿಗೆ ‘ನ್ಯೂಟ್ರಲ್ ಪುಟ್ಟಸ್ವಾಮಿ’ ಎಂಬ ಬಿರುದು. ಹಾಗೆ ಇಳಿಯುವುದು ಅಪಾಯ ಎಂದು ಪೊಲೀಸರು ಹೇಳಿದ್ದುಂಟು. ವೀರರು ಅದನ್ನೆಲ್ಲ ಕೇಳುತ್ತಾರೆಯೇ?

ಹೋದ ವರ್ಷ ಆತ ಎಲೆಕ್ಟ್ರಿಕ್ ಕಾರು ತಂದ. ಮಗಳು ಹರ್ಷಿತಾ ಪಕ್ಕದಲ್ಲಿ ಕೂತು ವಿವರಿಸಿದಳು: ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ, ಮೋಟಾರು ಡೈನಮೋದಂತೆ ಬ್ಯಾಟರಿಗೆ ಕರೆಂಟು ಕಳಿಸುತ್ತದೆ, ಆ ಎಳೆತಕ್ಕೇ ಗಾಡಿ ನಿಧಾನವಾಗುತ್ತದೆ. ಆದರೆ ಗಾಡಿ ಗೇರಿನಲ್ಲೇ ಇರಬೇಕು. ಇಳಿಜಾರು ಕರೆಂಟು ಕೊಡುತ್ತದೆ ಎಂಬಲ್ಲಿಗೇ ಪುಟ್ಟಸ್ವಾಮಿಯ ಎದೆಯುಬ್ಬಿತು. ಉಳಿದದ್ದು ಕಿವಿಗೆ ಬೀಳುವ ಮೊದಲೇ ಸ್ಟ್ಯಾಂಡಿನವರಿಗೆ ಸುದ್ದಿ ಹೇಳಲು ಇಳಿದುಹೋದ.

ಕಾರು ಬಂದ ವಾರದಲ್ಲೇ ಅಕ್ಕ ಚಲುವಮ್ಮ ಕುಶಾಲನಗರದ ಬಳಿ ಕಟ್ಟಿಸಿದ ಮನೆಯ ಗೃಹಪ್ರವೇಶವಿತ್ತು. ಅದಕ್ಕೆ ಮಡಿಕೇರಿಯ ಪುರೋಹಿತ ತಿಮ್ಮಪ್ಪಯ್ಯನವರನ್ನು ಕರೆತರುವ ಭಾರ ಇವನ ಹೆಗಲೇರಿತು. “ಇವತ್ತಿನ ಮುಹೂರ್ತ ತಪ್ಪಿದ್ರೆ ಆಷಾಢ ಕಳೀಬೇಕು ಕಣೋ. ಬಾಡಿಗೆ ಮನೆ ಬಿಟ್ಟಾಗಿದೆ,” ಎಂದು ಅಕ್ಕ ಎಚ್ಚರಿಸಿದ್ದಳು.

ಪುರೋಹಿತರು ಕಾರು ಹತ್ತುವಾಗ ಬ್ಯಾಟರಿಯ ಗುರುತು ಕೆಂಪಾಗಿತ್ತು. ಚಾರ್ಜು ಮಾಡಿಸಬಾರದೇ ಎಂದು ಅವರು ಅಳುಕುತ್ತಲೇ ಕೇಳಿದರು.

“ಭಟ್ರೇ, ಈ ಇಳಿಜಾರೇ ನಮ್ಮ ಬಂಕು. ನೀವು ಆರಾಮಾಗಿ ಕೂತ್ಕಳಿ.”

ಬೋಯಿಕೇರಿಯ ತಿರುವು ಬಂತು. ವರ್ಷಗಟ್ಟಲೆಯ ಅಭ್ಯಾಸದ ಎಡಗೈ ತಾನಾಗಿ ಹೋಗಿ ಗಾಡಿಯನ್ನು ನ್ಯೂಟ್ರಲ್‌ಗೆ ದೂಡಿತು. ಕಾರು ಸದ್ದಿಲ್ಲದೆ ಜಾರಿತು. ಸಾರಥಿಯ ಮುಖದಲ್ಲಿ ದಿಗ್ವಿಜಯದ ಕಳೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂದು ಭಟ್ಟರು ಶಲ್ಯದಿಂದ ಮೂಗು ಮುಚ್ಚಿಕೊಂಡರು. ಯಾರೋ ಎಸ್ಟೇಟಿನಲ್ಲಿ ತರಗೆಲೆ ಸುಡುತ್ತಿದ್ದಾರೆ ಎಂದ ಪುಟ್ಟಸ್ವಾಮಿ. ಸುಂಟಿಕೊಪ್ಪ ದಾಟಿದರೂ ಬ್ಯಾಟರಿ ತುಂಬಲಿಲ್ಲ. ರಸ್ತೆ ಸಮವಾಗುತ್ತಲೇ ಇದ್ದಷ್ಟೂ ಕರಗಿ, ಆನೆಕಾಡಿನಲ್ಲಿ ‘ಆನೆ ದಾಟುವ ಸ್ಥಳ’ ಎಂಬ ಫಲಕದ ಎದುರಿಗೇ ಕಾರು ನಿಂತಿತು. ಭಟ್ಟರು ಫಲಕವನ್ನು ಎರಡೆರಡು ಸಲ ಓದಿ ವಿಷ್ಣುಸಹಸ್ರನಾಮ ಶುರುಮಾಡಿದರು.

ಅಷ್ಟರಲ್ಲಿ ಸುಂಟಿಕೊಪ್ಪದ ಕುಶಾಲಪ್ಪನ ಪಿಕಪ್ ಬಂತು. ಅದೇ ಗೃಹಪ್ರವೇಶಕ್ಕೆ ಹಸುಕರು ಹೇರಿಕೊಂಡು ಹೊರಟಿತ್ತು.

“ಏನ್ ಪುಟ್ಟಸ್ವಾಮಿ, ಇಲ್ಲೂ ನ್ಯೂಟ್ರಲ್ಲಾ?” ಎಂದ ಕುಶಾಲಪ್ಪ.

ಭಟ್ಟರಿಗೆ ಮುಂದಿನ ಸೀಟು ಸಿಕ್ಕಿತು. ರಥಿಕನಿಗೆ ಉಳಿದದ್ದು ಹಿಂದೆ ಹಸುವಿನ ಹಗ್ಗ. ಮುಹೂರ್ತಕ್ಕೆ ಸರಿಯಾಗಿ ಪಿಕಪ್ ಚಪ್ಪರದ ಮುಂದೆ ನಿಂತಾಗ ವಾಲಗದವರು ಊದತೊಡಗಿದರು. ಆರತಿ ಹಿಡಿದ ನೆಂಟರೆಲ್ಲ ನೋಡುತ್ತಿದ್ದಂತೆ, ಬಿಳಿ ಪಂಚೆಯ ತುಂಬ ಸೆಗಣಿ ಹೊತ್ತ ಪುಟ್ಟಸ್ವಾಮಿ ಕರುವಿನ ಹಿಂದೆ ಕೆಳಗಿಳಿದ. ಊಟದಲ್ಲಿ ಚಲುವಮ್ಮ, ಭಟ್ಟರನ್ನು ಕರೆತಂದ ಪುಣ್ಯಾತ್ಮನೆಂದು ಕುಶಾಲಪ್ಪನ ಎಲೆಗೇ ಮೊದಲ ಪಾಯಸ ಬಡಿಸಿದಳು.

ಹರ್ಷಿತಾ ಅಪ್ಪನ ಪಕ್ಕ ಬಂದು ಕೂತಳು. “ಅಪ್ಪ, ಇಳಿಯೋವಾಗ ನ್ಯೂಟ್ರಲ್‌ಗೆ ಹಾಕಿದ್ರಾ?”

ಪುಟ್ಟಸ್ವಾಮಿ ಎಲೆಯ ಮೇಲಿನ ಕೋಸಂಬರಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದ. ನ್ಯೂಟ್ರಲ್‌ನಲ್ಲಿ ಮೋಟಾರಿನ ಕೆಲಸವೇ ನಿಂತುಹೋಗುತ್ತದೆ, ಬ್ಯಾಟರಿಗೆ ಸೇರಬೇಕಾದದ್ದು ಬ್ರೇಕಿನಲ್ಲಿ ಬಿಸಿಯಾಗಿ ಹೋಯಿತು ಎಂದು ಅವಳು ಮೆಲ್ಲಗೆ ಹೇಳಿದಳು. ಅಂದರೆ ಭಟ್ಟರು ಮೂಗು ಮುಚ್ಚಿಕೊಂಡದ್ದು ಅವನ ಕರೆಂಟಿನ ವಾಸನೆಗೇ.

ಮರುವಾರ ಮಡಿಕೇರಿಯಿಂದ ಇಳಿಯುವಾಗ ಹರ್ಷಿತಾ ಪಕ್ಕದಲ್ಲಿ ಕೂತು ಗೇರಿನ ಗುಬುಟಿನ ಮೇಲೆ ಅಂಗೈ ಮುಚ್ಚಿಕೊಂಡಳು. ಬೋಯಿಕೇರಿಯ ತಿರುವಿನಲ್ಲಿ ಅವನ ಎಡಗೈ ಹೋಗಿ ಅವಳ ಕೈಮೇಲೆ ಬಿತ್ತು.

“ಕೈ ತೆಗೀರಿ ಅಪ್ಪ.”

ತೆಗೆದ. ಪರದೆಯಲ್ಲಿ ಬ್ಯಾಟರಿಯ ಅಂಕಿ ಒಂದು ಮೇಲೇರಿತು ಎಂದು ಅವಳು ತೋರಿಸಿದಳು. ಪುಟ್ಟಸ್ವಾಮಿ ಅತ್ತ ತಿರುಗದೆ, ಮೊದಲ ದಿನ ಗಾಡಿ ಕಲಿಯುವವನಂತೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತ ಇಳಿದ.